ಓಝೋನ್ ಪದರ ಮತ್ತು ನಮ್ಮ ಬೀದಿಯ ಹೊಗೆ

ಭೂಮಿಯಿಂದ ಸುಮಾರು 15ರಿಂದ 35 ಕಿ.ಮೀ. ಎತ್ತರದಲ್ಲಿರುವ ಓಝೋನ್ ಪದರವು ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಹಳೆಯ ಫ್ರಿಜ್, ಎ.ಸಿ., ಸ್ಪ್ರೇಗಳಲ್ಲಿದ್ದ ಸಿ.ಎಫ್.ಸಿ. ಅನಿಲವು ಮೇಲೇರಿ ಕ್ಲೋರಿನ್ ಬಿಡುಗಡೆ ಮಾಡುತ್ತದೆ. ಒಂದು ಕ್ಲೋರಿನ್ ಪರಮಾಣು ಸಾವಿರಾರು ಓಝೋನ್ ಅಣುಗಳನ್ನು ನಾಶಮಾಡುತ್ತದೆ. ಇದರ ಪರಿಣಾಮ ಚರ್ಮದ ಕ್ಯಾನ್ಸರ್, ಕಣ್ಣಿನ ಪೊರೆ, ಬೆಳೆಹಾನಿ. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಸಿ.ಎಫ್.ಸಿ. ಬಳಕೆ ಕಡಿಮೆಯಾಗಿ ಪದರವು ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ.

ಇದು ಮೇಲಿನ ಗಾಳಿಯ ಮಾತು. ನಾವು ಉಸಿರಾಡುವ ಗಾಳಿಯನ್ನು ವಾಹನಗಳ ಹೊಗೆ, ಸುಡುವ ಕಸ ಕೆಡಿಸುತ್ತವೆ. ನಮ್ಮ ಬೀದಿಯಲ್ಲಿ ಪ್ಲಾಸ್ಟಿಕ್ ಸುಟ್ಟ ದಿನ ಅಮ್ಮಿ ಇನ್‌ಹೇಲರ್ ಹುಡುಕುತ್ತಾರೆ. ಕಸ ಸುಡಲು ಖರ್ಚಿಲ್ಲ ಎನ್ನುತ್ತಾರೆ ಜನ. ವಾಣಿಜ್ಯ ಓದುವ ನನಗೆ ಆ ಖರ್ಚು ಅಮ್ಮಿಯ ಔಷಧಿ ಬಿಲ್ಲಿನಲ್ಲಿ ಕಾಣುತ್ತದೆ. ಜಗತ್ತೇ ಸೇರಿ ಒಂದು ಅನಿಲವನ್ನು ತಡೆಯಿತು. ನಾವು ಒಂದು ಬೀದಿಯ ಬೆಂಕಿಯನ್ನು ತಡೆಯಲಾರೆವೇ?