ಪೀಪಾಯಿಯಲ್ಲಿ ಉಳಿದ ಗಾಳಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1978ರ ಕಾನೂನೊಂದು, ಸ್ವಂತ ಬಳಕೆಗಾಗಿ ಮನೆಯಲ್ಲಿ ತಯಾರಿಸುವ ಬಿಯರಿಗೆ ಕೇಂದ್ರ ತೆರಿಗೆಯಿಂದ ವಿನಾಯಿತಿಯನ್ನು ನೀಡಿತು. ಅಂದಿನಿಂದ ಅಲ್ಲಿ ಇದು ಅನೇಕರ ಹವ್ಯಾಸವಾಗಿದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ತೆಗೆದ ಸಿಹಿರಸವನ್ನು ಯೀಸ್ಟಿನಿಂದ ಹುದುಗಿಸಿ, ದೊರೆತ ಬಿಯರನ್ನು ಸುಮಾರು 19 ಲೀಟರು ಹಿಡಿಸುವ ಉಕ್ಕಿನ ಪೀಪಾಯಿಗೆ ತುಂಬುತ್ತಾರೆ. ವಾರಗಟ್ಟಲೆ ಪಟ್ಟ ಶ್ರಮವು ಹಲವೊಮ್ಮೆ ಈ ಕೊನೆಯ ಹಂತದಲ್ಲಿಯೇ ವ್ಯರ್ಥವಾಗುತ್ತದೆ. ಅದಕ್ಕೆ ಕಾರಣ, ನಮಗೆ ಪ್ರಾಣಾಧಾರವಾದ ಆಮ್ಲಜನಕವೇ!

ಹುದುಗುವಿಕೆಯ ಆರಂಭದಲ್ಲಿ ಆಮ್ಲಜನಕವು ಬೇಕು; ಯೀಸ್ಟಿನ ಕೋಶಗಳು ತಮ್ಮ ಪೊರೆಯನ್ನು ಕಟ್ಟಿಕೊಳ್ಳಲು ಅದನ್ನು ಬಳಸುತ್ತವೆ. ಹುದುಗುವಿಕೆ ಮುಗಿದ ಮೇಲಾದರೋ ಅದು ಬಿಯರಿನ ಬಣ್ಣವನ್ನು ಕಂದಿಸಿ, ಹಾಪ್ ಹೂವಿನ ಪರಿಮಳವನ್ನು ಅಳಿಸಿ, ಒದ್ದೆ ರಟ್ಟಿನ ವಾಸನೆಯನ್ನು ತರುತ್ತದೆ. ಆದುದರಿಂದ ದೊಡ್ಡ ಕಾರ್ಖಾನೆಗಳು ಲೀಟರಿಗೆ 0.1 ಮಿಲಿಗ್ರಾಮಿಗಿಂತ ಹೆಚ್ಚು ಆಮ್ಲಜನಕವು ಸೇರದಂತೆ ಎಚ್ಚರ ವಹಿಸುತ್ತವೆ. ಈ ಲೆಕ್ಕದಲ್ಲಿ 19 ಲೀಟರಿಗೆ ಸಲ್ಲುವುದು 1.9 ಮಿಲಿಗ್ರಾಂ ಮಾತ್ರ. ಖಾಲಿ ಪೀಪಾಯಿಯ ಗಾಳಿಯಲ್ಲಿಯೋ ಸುಮಾರು 5,300 ಮಿಲಿಗ್ರಾಂ ಇರುತ್ತದೆ. ಇದನ್ನು ಹೊರದೂಡುವ ಬಗೆ ಹೇಗೆ?

ಇಂಗಾಲದ ಡೈಆಕ್ಸೈಡು ಗಾಳಿಗಿಂತ ಭಾರವಾದುದು. ಆದಕಾರಣ ಪೀಪಾಯಿಗೆ ಸ್ವಲ್ಪ ಬಿಟ್ಟರೆ ಅದು ತಳದಲ್ಲಿ ಕಂಬಳಿಯಂತೆ ಹರಡಿ ಬಿಯರನ್ನು ಕಾಯುವುದೆಂದು ಹಲವರು ನಂಬುತ್ತಾರೆ. ಈ ನಂಬಿಕೆ ಸರಿಯಲ್ಲ. ಅನಿಲದ ಅಣುಗಳು ಎಡೆಬಿಡದೆ ಚಲಿಸುತ್ತ ಒಂದರೊಡನೊಂದು ಬೆರೆಯುತ್ತವೆ. ವಾಯುಮಂಡಲದಲ್ಲಿರುವ ಆರ್ಗಾನು ಸಾರಜನಕಕ್ಕಿಂತ ಭಾರವಾದುದಾದರೂ ನೆಲದ ಮೇಲೆ ಪದರವಾಗಿ ಕೂಡದಿರುವುದನ್ನು ನೆನೆಯಿರಿ.

ಅನಿಲಗಳು ಬೆರೆಯುವುದಾದರೆ, ಗಾಳಿಯನ್ನು ಸಾರಗುಂದಿಸುತ್ತ ಹೋಗುವುದು ಒಂದು ಉಪಾಯ. ಇಂಗಾಲದ ಡೈಆಕ್ಸೈಡನ್ನು ತುಂಬಿ ಒಳಗಿನ ಒತ್ತಡವನ್ನು ವಾಯುಮಂಡಲದ ಒತ್ತಡದ 3 ಪಟ್ಟಿಗೆ ಏರಿಸಿ, ಬಳಿಕ ಹೊರಬಿಟ್ಟರೆ, ಮೂರನೆಯ ಒಂದು ಪಾಲು ಆಮ್ಲಜನಕವು ಉಳಿಯುತ್ತದೆ. ಮತ್ತೊಮ್ಮೆ ಮಾಡಿದರೆ ಒಂಬತ್ತನೆಯ ಒಂದು ಪಾಲು. ಏಳು ಸಲ ಮಾಡಿದರೂ 2.4 ಮಿಲಿಗ್ರಾಂ ಉಳಿಯುವುದು. ಎಂಟನೆಯ ಸಲಕ್ಕೆ 0.8 ಮಿಲಿಗ್ರಾಮಿಗೆ ಇಳಿಯುವುದು. ಪ್ರತಿ ಸಲವೂ ಪೀಪಾಯಿಯ ಗಾತ್ರದ ಎರಡರಷ್ಟು ಅನಿಲವು ಬೇಕಾಗುವುದರಿಂದ, ಒಟ್ಟು ವೆಚ್ಚ 304 ಲೀಟರು, ಎಂದರೆ ಸುಮಾರು 560 ಗ್ರಾಂ.

ಇನ್ನೊಂದು ಉಪಾಯ ಇದಕ್ಕಿಂತ ಸರಳವಾದುದು. ಪೀಪಾಯಿಯನ್ನು ಮೊದಲು ಶುದ್ಧೀಕರಿಸಿದ ನೀರಿನಿಂದ ಭರ್ತಿಮಾಡಬೇಕು. ಆಗ ಗಾಳಿಗೆ ಒಳಗೆ ಎಡೆಯೇ ಇಲ್ಲ. ಅನಂತರ ಮೇಲಿನಿಂದ ಇಂಗಾಲದ ಡೈಆಕ್ಸೈಡನ್ನು ಬಿಟ್ಟು, ತಳ ಮುಟ್ಟುವ ಕೊಳವೆಯ ಮೂಲಕ ನೀರನ್ನು ಹೊರದೂಡಬೇಕು. ಇದಕ್ಕೆ 19 ಲೀಟರು, ಸುಮಾರು 35 ಗ್ರಾಂ ಅನಿಲವು ಸಾಕು. ಅದೇ ಕೊಳವೆಯಿಂದ ಬಿಯರನ್ನು ಒಳಗೆ ಬಿಟ್ಟರೆ ಅದು ಗಾಳಿಯನ್ನು ಸೋಕದೆ ತುಂಬಿಕೊಳ್ಳುತ್ತದೆ. ಆದರೆ ನೀರು ತುಂಬುವಾಗ ಮುಚ್ಚಳದಡಿಯಲ್ಲಿ ಗುಳ್ಳೆ ಉಳಿಯಬಾರದು. 10 ಮಿಲಿಲೀಟರಿನ ಗುಳ್ಳೆಯೊಂದರಲ್ಲಿಯೇ 2.8 ಮಿಲಿಗ್ರಾಂ ಆಮ್ಲಜನಕವಿದ್ದು, ಅದೊಂದೇ ಮೇಲೆ ಹೇಳಿದ ಮಿತಿಯನ್ನು ಮೀರುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ. ಮೊದಲನೆಯ ಉಪಾಯದಲ್ಲಿ ಒತ್ತಡವನ್ನು 2 ಪಟ್ಟಿಗೆ ಮಾತ್ರ ಏರಿಸಿದರೆ 12 ಸಲ ಮಾಡಬೇಕಾಗುತ್ತದೆ. ಆದರೂ ಒಟ್ಟು ಅನಿಲವು 228 ಲೀಟರಿಗೆ ಇಳಿಯುತ್ತದೆ. ಶ್ರಮ ಹೆಚ್ಚಿದರೂ ವೆಚ್ಚ ತಗ್ಗುವುದೇಕೆ? ಲೆಕ್ಕ ಮಾಡಿ ಕಂಡುಕೊಳ್ಳಿರಿ.