ಮೊದಲು ಬಾಣ ನೇರವಾಗಲಿ, ಸೈಟ್ ಆಮೇಲೆ

2023ರ ಬರ್ಲಿನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸಾತಾರಾದ ಅದಿತಿ ಸ್ವಾಮಿ ಮತ್ತು ಅಲ್ಲೇ ತರಬೇತಿ ಪಡೆದ ನಾಗಪುರದ ಓಜಸ್ ದೇವತಳೆ ರಾಟೆಗಳಿರುವ ಕಾಂಪೌಂಡ್ ಬಿಲ್ಲಿನಲ್ಲಿ ವೈಯಕ್ತಿಕ ಚಿನ್ನ ಗೆದ್ದರು. 2028ರ ಒಲಿಂಪಿಕ್ಸ್‌ಗೂ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ. ಸೇನೆಯ ಬಿಲ್ಲುಗಾರರು ತಯಾರಾಗುವ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್ ಇರುವುದು ಪುಣೆಯಲ್ಲೇ. ಹೀಗಾಗಿ ಇಲ್ಲಿ ನೆಲೆಸಿದ ನಮ್ಮ ಕನ್ನಡಿಗರ ಮಕ್ಕಳೂ ಬಿಲ್ಲು ಬೇಕೆಂದು ಹಟ ಹಿಡಿದರೆ ಆಶ್ಚರ್ಯವಿಲ್ಲ.

ಕೊಳ್ಳುವಾಗ ಒಂದು ಎಚ್ಚರ. ‘ಹಂಟಿಂಗ್ ಬೌ’ ಎಂದು ಮಾರುವವುಗಳಲ್ಲಿ 70 ಪೌಂಡ್ ಎಳೆತದವೂ ಇರುತ್ತವೆ. ಸ್ಪರ್ಧೆಯಲ್ಲಿ ಮಿತಿ 60 ಪೌಂಡ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ನಮ್ಮಲ್ಲಿ ಬೇಟೆಯ ಮಾತೇ ಇಲ್ಲ. ಗುರಿಹಲಗೆಯೇ ನಮ್ಮ ಕಾಡು. ಬೇಟೆಯ ಬಿಲ್ಲಾಗಲಿ ಸ್ಪರ್ಧೆಯ ಬಿಲ್ಲಾಗಲಿ, ಹದ ಮಾಡುವ ಕ್ರಮ ಒಂದೇ.

ಬಾಣ ಎಡಕ್ಕೆ ಬಿದ್ದ ಕೂಡಲೇ ಗುರಿ ನೋಡುವ ಸೈಟ್ ತಿರುಗಿಸುವುದು ಹೊಸಬರ ಚಾಳಿ. ಬಾಲ ಆಡಿಸುತ್ತ ಹೋಗುವ ಬಾಣಕ್ಕೆ ಸೈಟ್ ಏನು ಮಾಡೀತು? 50 ಮೀಟರ್ ದೂರದ 80 ಸೆಂ.ಮೀ. ಗುರಿಯಲ್ಲಿ ಹತ್ತರ ವೃತ್ತದ ಅಗಲ 8 ಸೆಂ.ಮೀ. ಮಾತ್ರ.

ಮೊದಲು ಬಾಣವನ್ನೇ ನೋಡಿ. ಅದರ ಮೇಲಿನ 400, 500 ಎಂಬ ಸಂಖ್ಯೆ ಸ್ಪೈನ್, ಅಂದರೆ ಬಾಗುವ ಗುಣ. ಸಂಖ್ಯೆ ಕಡಿಮೆಯಾದಷ್ಟೂ ಬಾಣ ಗಡುಸು. ಎಳೆತದ ತೂಕ ಮತ್ತು ಬಾಣದ ಉದ್ದಕ್ಕೆ ಯಾವುದು ಹೊಂದುತ್ತದೆ ಎಂಬುದು ತಯಾರಕರ ಪಟ್ಟಿಯಲ್ಲಿರುತ್ತದೆ. ಇದು ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

ಇನ್ನು ಬಿಲ್ಲು. ಅದರ ತುದಿಗಳಲ್ಲಿ ಎರಡು ಕ್ಯಾಮ್‌ಗಳಿದ್ದರೆ (ರಾಟೆಗಳು) ಅವು ಒಟ್ಟಿಗೇ ಎಳೆತದ ಕೊನೆ ಮುಟ್ಟಬೇಕು. ನೀವು ಎಳೆದಾಗ ಪಕ್ಕದಲ್ಲಿ ನಿಂತವರು ನೋಡಿ ಹೇಳಲಿ. ಹೊಂದದಿದ್ದರೆ ಬಿಲ್ಲನ್ನು ಅದುಮಿ ಹಿಡಿಯುವ ಬೌ ಪ್ರೆಸ್ ಇರುವ ಕೋಚ್ ಬಳಿ ಒಯ್ಯಿರಿ, ಮನೆಯಲ್ಲಿ ದಾರ ಬಿಚ್ಚುವ ಸಾಹಸ ಬೇಡ. ಬಾಣವಿಲ್ಲದೆ ದಾರ ಬಿಡುವುದೂ ಬೇಡ, ಬಿಲ್ಲಿನ ತೋಳು (ಲಿಂಬ್) ಸಿಡಿದೀತು. ನಂತರ ಬಾಣ ಸಿಕ್ಕಿಸಿ. ಅದು ದಾರಕ್ಕೆ ಲಂಬವಾಗಿರಬೇಕು, ಬಾಣಕ್ಕೆ ಆಸರೆಯಾದ ರೆಸ್ಟ್ ಕೂರಿಸುವ ತೂತಿನ ನಡುಮಟ್ಟದಲ್ಲಿ ಹಾಯಬೇಕು. ಬಾಣದ ನಡುವಿಗೂ ಬಿಲ್ಲಿನ ನಡುಭಾಗವಾದ ರೈಸರ್‌ಗೂ ಅಂತರ ಸುಮಾರು 20 ಮಿ.ಮೀ. ಇಟ್ಟು ಶುರುಮಾಡಿ, ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ.

ಈಗ ಕಾಗದದ ಪರೀಕ್ಷೆ. ಚೌಕಟ್ಟಿಗೆ ಹಳೆಯ ದಿನಪತ್ರಿಕೆ ಬಿಗಿದು ಕಟ್ಟಿ, ಎರಡು ಮೀಟರ್ ದೂರದಲ್ಲಿ ಎದೆಮಟ್ಟಕ್ಕೆ ನಿಲ್ಲಿಸಿ. ಅದರಾಚೆ ಇನ್ನೆರಡು ಮೀಟರ್‌ಗೆ ಬಾಣ ತಡೆಯುವ ದಿಂಡು. ಬಿಟ್ಟ ಬಾಣ ದುಂಡು ತೂತು ಮಾಡಿ, ಸುತ್ತ ಮೂರು ಗರಿಗಳ ಸೀಳು ಮೂಡಿಸಿದರೆ ಬಾಣ ನೇರ. ತೂತು ಉದ್ದಕ್ಕೆ ಹರಿದಿದ್ದರೆ ಗರಿಯ ಗುರುತು ಯಾವ ಕಡೆಗಿದೆ ನೋಡಿ. ಅದೇ ಬಾಲ.

ಬಾಲ ಮೇಲಿದ್ದರೆ ನಾಕಿಂಗ್ ಪಾಯಿಂಟ್ (ದಾರದಲ್ಲಿ ಬಾಣ ಸಿಕ್ಕಿಸುವ ಜಾಗ) ಸ್ವಲ್ಪ ಇಳಿಸಿ ಅಥವಾ ರೆಸ್ಟ್ ಏರಿಸಿ. ಕೆಳಗಿದ್ದರೆ ತಿರುಗುಮುರುಗು. ಮೇಲು ಕೆಳಗಿನ ದೋಷ ತೀರದೆ ಎಡಬಲಕ್ಕೆ ಕೈ ಹಾಕಬೇಡಿ. ಬಲಗೈಯವರು ದಾರ ಬಿಡುವ ಸಾಧನವಾದ ರಿಲೀಸ್ ಬಳಸಿ ಬಿಟ್ಟಾಗ ಬಾಲ ಎಡಕ್ಕೆ ಹರಿದಿದ್ದರೆ ರೆಸ್ಟ್ ಬಲಕ್ಕೆ, ಬಲಕ್ಕೆ ಹರಿದಿದ್ದರೆ ಎಡಕ್ಕೆ. ಎಡಗೈಯವರಿಗೂ ಇದೇ ಕ್ರಮ. ಒಮ್ಮೆಗೆ ಒಂದು ಮಿಲಿಮೀಟರ್ ಸಾಕು, ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಸ್ಕ್ರೂ ಒಟ್ಟಿಗೆ ತಿರುಗಿಸಿದವರಿಗೆ ಯಾವುದರಿಂದ ಏನಾಯಿತೆಂದು ದೇವರಾಣೆಗೂ ತಿಳಿಯದು.

ಏನು ಮಾಡಿದರೂ ಹರಕು ಹಾಗೇ ಉಳಿದರೆ ಗರಿ ಎಲ್ಲೋ ತಾಗುತ್ತಿರಬಹುದು. ಮುಖದ ಪೌಡರನ್ನು ರೆಸ್ಟ್, ಕೇಬಲ್ ಸುತ್ತ ಉದುರಿಸಿ ಒಂದು ಬಾಣ ಬಿಡಿ, ತಾಗಿದ ಕಡೆ ಪೌಡರ್ ಅಳಿಸಿರುತ್ತದೆ. ಬಾಣದ ಹಿಂತುದಿಯ ನಾಕ್ ಸ್ವಲ್ಪ ತಿರುಗಿಸಿದರೆ ಅನೇಕ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಇನ್ನೊಂದು ಕಾರಣ ಹಿಡಿತ: ಬಿಲ್ಲನ್ನು ಮುಷ್ಟಿಯಲ್ಲಿ ಅದುಮಿ ಹಿಡಿದವರ ಬಾಣ ಪ್ರತಿ ಸಲ ಕಾಗದವನ್ನು ಬೇರೆ ಬೇರೆಯಾಗಿ ಹರಿಯುತ್ತದೆ. ಆಗ ತಿದ್ದಬೇಕಾದ್ದು ಕೈ.

ಕೊನೆಗೆ 18 ಮೀಟರ್‌ನಲ್ಲಿ ಗರಿಯಿರುವ ಮೂರು ಬಾಣ, ಗರಿಯಿಲ್ಲದ ಒಂದು ಬಾಣ ಬಿಡಿ. ಬೋಳು ಬಾಣ ಮೇಲೆ ಬಿದ್ದರೆ ನಾಕಿಂಗ್ ಪಾಯಿಂಟ್ ಏರಿಸಿ, ಕೆಳಗೆ ಬಿದ್ದರೆ ಇಳಿಸಿ. ನಾಲ್ಕೂ ಒಂದೆಡೆ ನೆಟ್ಟಮೇಲೆ ಸೈಟ್ ಮುಟ್ಟಿ: ಬಾಣ ಬಿದ್ದ ಕಡೆಗೇ ಸೈಟ್ ಸರಿಸಬೇಕು.

ಎಲ್ಲ ಕೂಡಿಬಂದಾಗ ರೆಸ್ಟ್, ಕ್ಯಾಮ್, ದಾರದ ಮೇಲೆ ಬಿಳಿ ಪೆನ್ನಿನಿಂದ ಗುರುತು ಹಾಕಿಡಿ. ಹೊಸ ದಾರ ಕೆಲವು ನೂರು ಬಾಣಗಳವರೆಗೆ ಹಿಗ್ಗುತ್ತದೆ, ಗುರುತು ಜರುಗಿದ್ದು ಕಂಡರೆ ಮತ್ತೆ ಕಾಗದ ಕಟ್ಟಿ. ಏಪ್ರಿಲ್, ಮೇ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಬಿಲ್ಲು ಬಿಟ್ಟುಹೋಗಬೇಡಿ. ಶಾಖಕ್ಕೆ ದಾರ, ಲಿಂಬ್ ಎರಡೂ ಕೆಡುತ್ತವೆ.