ಎಡಗೈ ರೂಢಿಯ ಮಗು ಮತ್ತು ಬಲಗೈಯ ಊಟ

ಧಾರವಾಡ-ಸವದತ್ತಿ ರಸ್ತೆಯ ಅಮ್ಮಿನಬಾವಿಯಂತಹ ಊರುಗಳಲ್ಲಿ ಎಲ್ಲದಕ್ಕೂ ಎಡಗೈ ಮುಂದೆ ಮಾಡುವ ಮಗುವನ್ನು 'ಎಡಚ', 'ರೊಡ್ಡ' ಎಂದು ಕರೆಯುವುದುಂಟು. ಊಟದ ಹೊತ್ತಿಗೆ ಆ ಮಗುವಿನ ಕೈಗೆ ಏಟೂ ಬೀಳುತ್ತದೆ. ಇದು ಇಸ್ಲಾಮಿನ ಶಿಷ್ಟಾಚಾರವನ್ನು ಕಲಿಸುವ ರೀತಿಯೇ?

ಬಲಗೈಯಿಂದ ಉಣ್ಣಬೇಕೆಂಬುದು ಪ್ರವಾದಿವರ್ಯರ(ಸ) ಸ್ಪಷ್ಟ ಆದೇಶ. ಅದನ್ನು ಅವರು ಹೇಗೆ ಕಲಿಸಿದರೆಂಬುದನ್ನೂ ನೋಡಬೇಕು. ಅವರ ಆಶ್ರಯದಲ್ಲಿ ಬೆಳೆಯುತ್ತಿದ್ದ ಬಾಲಕ ಉಮರ್ ಬಿನ್ ಅಬೀ ಸಲಮಾರ(ರ) ಕೈ ತಟ್ಟೆಯ ತುಂಬ ಓಡಾಡುತ್ತಿತ್ತು. ಪ್ರವಾದಿವರ್ಯರು(ಸ) ಗದರಲಿಲ್ಲ. ಅಲ್ಲಾಹನ ನಾಮ ಸ್ಮರಿಸಲು, ಬಲಗೈಯಿಂದ ಉಣ್ಣಲು, ತನ್ನ ಮುಂದಿನದನ್ನು ತೆಗೆದುಕೊಳ್ಳಲು ಹೇಳಿದರು. ಆ ಬಾಲಕ ಜೀವನವಿಡೀ ಹಾಗೆಯೇ ಉಂಡರು (ಬುಖಾರಿ, ಮುಸ್ಲಿಮ್). ಅಡ್ಡಹೆಸರುಗಳಿಂದ ಹೀಯಾಳಿಸುವುದನ್ನಂತೂ ಕುರ್‌ಆನ್ ನಿಷೇಧಿಸಿದೆ (ಅಲ್ ಹುಜುರಾತ್: 11).

ಜಗತ್ತಿನಲ್ಲಿ ಸುಮಾರು ಹತ್ತು ಮಂದಿಯಲ್ಲಿ ಒಬ್ಬರಿಗೆ ಎಡಗೈಯೇ ಮುಖ್ಯ ಕೈ. ಇದು ಹಟವಲ್ಲ, ರೋಗವೂ ಅಲ್ಲ. ಮೆದುಳಿನ ಎಡಭಾಗ ಬಲಗೈಯನ್ನೂ ಬಲಭಾಗ ಎಡಗೈಯನ್ನೂ ನಡೆಸುತ್ತದೆ. ರೂಢಿಯಿಲ್ಲದ ಕೈಗೂ ಕೆಲಸ ಕಲಿಸಬಹುದು. ಆದರೆ ಅದಕ್ಕೆ ದಿನದಿನದ ಅಭ್ಯಾಸ ಬೇಕು, ಭಯದಿಂದ ಬೆರಳು ಇನ್ನಷ್ಟು ಬಿಗಿಯುತ್ತದೆ.

ಮೊದಲು ಖರ್ಜೂರ, ಬಾಳೆಹಣ್ಣಿನ ತುಂಡುಗಳನ್ನು ಬಲಗೈಗೆ ಕೊಡಿ. ನೀರಿನ ಲೋಟವನ್ನು ಬಲಬದಿಗೇ ಇಡಿ. ಆಮೇಲೆ ಮುರಿದಿಟ್ಟ ಜೋಳದ ರೊಟ್ಟಿಯ ತುಣುಕಿನಿಂದ ಪಲ್ಯ ತೆಗೆದುಕೊಳ್ಳಲು ಕಲಿಸಿ. ಅನ್ನ ಕಲಸಿ ತುತ್ತು ಮಾಡುವುದು ಕಷ್ಟದ ಕೆಲಸ, ಅದು ಕೊನೆಗಿರಲಿ. ಮೊದಲ ವಾರಗಳಲ್ಲಿ ದಿನಕ್ಕೆ ಒಂದು ಊಟದಲ್ಲಿ ಅಭ್ಯಾಸವಾದರೆ ಸಾಕು. ಚೆಲ್ಲಿದರೆ ಒರೆಸಿರಿ, ಬೈಯಬೇಡಿರಿ. ಬರವಣಿಗೆಯ ವಿಷಯ ಬೇರೆ. ಎಡಗೈಯಲ್ಲಿ ಚೆನ್ನಾಗಿ ಬರೆಯುವ ಮಗುವಿನ ಪೆನ್ಸಿಲನ್ನು ಬಲವಂತದಿಂದ ಬಲಗೈಗೆ ಬದಲಿಸುವ ಅಗತ್ಯವಿಲ್ಲ.

ಇನ್ನು ಮೇವು ಕತ್ತರಿಸುವ ಯಂತ್ರಕ್ಕೆ ಬಲಗೈ ಸಿಲುಕಿದವರು, ಪಾರ್ಶ್ವವಾಯುವಿಗೆ ತುತ್ತಾದವರು ಇದ್ದಾರೆ. ಬಲಗೈ ನಿಜವಾಗಿಯೂ ಅಶಕ್ತವಾಗಿದ್ದರೆ ಎಡಗೈಯಿಂದ ಉಣ್ಣುವುದರಲ್ಲಿ ದೋಷವಿಲ್ಲವೆಂದು ಇಮಾಮ್ ನವವಿ(ರ) ವಿವರಿಸಿದ್ದಾರೆ. ಅಲ್ಲಾಹನು ಯಾರ ಮೇಲೂ ಶಕ್ತಿಮೀರಿದ ಹೊರೆ ಹೊರಿಸುವುದಿಲ್ಲ (ಅಲ್ ಬಕರಃ: 286). ಅಂಥವರು ಎಡಗೈಯಿಂದ ಕಡಲೆಕಾಳು ಹೆಕ್ಕುವುದು, ಗುಂಡಿ ಹಾಕುವುದು, ದೊಡ್ಡ ಅಕ್ಷರ ತಿದ್ದುವುದು ಮುಂತಾದ ಅಭ್ಯಾಸ ಮಾಡಬಹುದು. ಪಾರ್ಶ್ವವಾಯು ಪೀಡಿತರು ಬಲಗೈಯನ್ನು ಸಂಪೂರ್ಣ ಕೈಬಿಡಬಾರದು. ಬಳಸದ ಕೈ ಮತ್ತಷ್ಟು ದುರ್ಬಲವಾಗುತ್ತದೆ. ವೈದ್ಯರು ಹೇಳಿದ ವ್ಯಾಯಾಮ ಮುಂದುವರಿಯಲಿ. ಮನೆಮಂದಿ ಅವರ ಎಡಗೈಯ ತುತ್ತನ್ನು ಕಂಡು ಮುಖ ಸಿಂಡರಿಸದಿರಲಿ.

ತಾಯಂದಿರೇ, ತಂದೆಯಂದಿರೇ, ಸುನ್ನತ್ತನ್ನು ಕಲಿಸುವಾಗ ಸುನ್ನತ್ತಿನ ಮೃದುತ್ವವನ್ನೂ ಜೊತೆಗಿರಿಸಿಕೊಳ್ಳಿ. ಏಟಿಗೆ ಹೆದರಿ ಬಲಗೈ ಚಾಚಿದ ಮಗು, ನೀವು ಎದುರಿಗಿಲ್ಲದಾಗ ಎಡಗೈಯನ್ನೇ ಚಾಚೀತು. ಪ್ರೀತಿಯಿಂದ ಕಲಿತದ್ದು ಉಮರ್ ಬಿನ್ ಅಬೀ ಸಲಮಾರಂತೆ(ರ) ಕೊನೆವರೆಗೂ ಉಳಿಯುತ್ತದೆ. ಅಲ್ಲಾಹನು ನಮಗೆ ಆ ತಾಳ್ಮೆಯನ್ನು ಅನುಗ್ರಹಿಸಲಿ, ಆಮೀನ್.